ಚಾರಿಟಿ ಶಾಪ್ ತೆಗೆದ್ವಿ, ಮೂಟೆ ಎಲ್ಲಿಡೋದು?

ಪ್ರಶ್ನೆ: ರೆಡಿಂಗ್‌ನಲ್ಲಿ ಚಾರಿಟಿ ಶಾಪ್ (ಜನ ದಾನ ಕೊಟ್ಟ ಹಳೇ ಬಟ್ಟೆ-ಸಾಮಾನು ಮಾರಿ ಸೇವಾ ಸಂಸ್ಥೆಗೆ ದುಡ್ಡು ಎತ್ತೋ ಅಂಗಡಿ) ವಾಲಂಟಿಯರ್ ನಾನು, 2020 ಜೂನ್ 15ರಿಂದ ಇಂಗ್ಲೆಂಡಲ್ಲಿ ಅಂಗಡಿ ತೆಗೀಬಹುದು ಅಂದ್ರು ಸರಿ, ಆದ್ರೆ ಲಾಕ್‌ಡೌನಲ್ಲಿ ಬೀರು ಖಾಲಿ ಮಾಡಿದೋರೆಲ್ಲ ಬೆಳಗ್ಗೆ ಶಟರ್ ಎತ್ತೋಕ್ ಮುಂಚೇನೇ ಮೂಟೆ ಎಸೆದು ಹೋಗಿರ್ತಾರೆ, ಕೊರೊನಾ ಅಂತ ಅದನ್ನ 72 ಗಂಟೆ ಮುಟ್ಟಬಾರ್ದು, ಹಿಂದಿನ ರೂಮ್ ಅಂಗೈಯಗಲ. ಏನ್ ಮಾಡೋದು?

ಉತ್ತರ 1: ಪ್ರತಿ ಮೂಟೆಗೂ ಬಂದ ತಾರೀಕು ಟೈಮ್ ಬರೆದು ಅಂಟಿಸಿ, ವಾರಕ್ಕೆ ಎರಡೇ ದಿನ ತಗೊಳ್ಳಿ. ಗಿಫ್ಟ್ ಏಡ್ (ಟ್ಯಾಕ್ಸ್ ಕಟ್ಟೋರು ಕೊಟ್ಟ ದಾನಕ್ಕೆ ಸರ್ಕಾರ ಚಾರಿಟಿಗೆ ಹೆಚ್ಚಿಗೆ ದುಡ್ಡು ಸೇರಿಸೋ ಸ್ಕೀಮ್) ಸ್ಟಿಕ್ಕರ್ ಮರೀಬೇಡಿ, ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಬರುತ್ತೆ.

ಉತ್ತರ 2: ಜಾಗ ಹೆಂಗೋ ಆಗುತ್ತೆ ಸಾರ್, ಜನ ಎಲ್ಲಿ? ನಮ್ಮಲ್ಲಿ ಗಲ್ಲಾ ನೋಡ್ತಿದ್ದೋರೆಲ್ಲ 70 ದಾಟಿದ ಅಜ್ಜಿಯರು, ಮಕ್ಕಳು ಆಚೆ ಬಿಡ್ತಿಲ್ಲ. ಟ್ರಯಲ್ ರೂಮೂ ಬಂದ್, ಕೋಟ್ ಹಾಕ್ನೋಡ್ದೆ ಯಾರ್ ತಗೋತಾರೆ?

ಪ್ರಶ್ನೆ ಕೇಳಿದವರು: ಸ್ಟಿಕ್ಕರ್ ಐಡಿಯಾ ನಾಳೇನೇ ಶುರು. ಹರಿದ ಸೋಫಾ ಬಿಟ್ಟು ಹೋದೋರಿಗೆ ಏನ್ ಅಂಟಿಸ್ಲಿ ಅದನ್ನೂ ಹೇಳಿ 😀