ಗೋವಾದ ನಿಂತುಹೋದ ಕಬ್ಬಿಣದ ಅದಿರು ಗಣಿ, ಜೆಟ್ಟಿ, ಬಾರ್ಜ್: ನೋಡಲು ಹೋಗುವ ಮುಂಚೆ ಏನೇನು ತಿಳಿದಿರಬೇಕು?

ವಾಸ್ಕೋ ಕ್ಯಾಮೆರಾ:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರ ಎರಡು ದಿನ ಬಿಚೋಲಿ, ಸತ್ತರಿ, ಸಾಂಗೆ ಕಡೆ ಮೂವರು ಹೋಗುವ ಯೋಚನೆ ಇದೆ. ನೀರು ತುಂಬಿದ ಗಣಿಗುಂಡಿ, ತುಕ್ಕು ಹಿಡಿದ ಕ್ರಷರ್, ನದಿದಂಡೆಯ ಲೋಡಿಂಗ್ ಜೆಟ್ಟಿ (ಅದಿರು ತುಂಬುವ ಕಟ್ಟೆ), ಕೆಸರಲ್ಲಿ ಕೂತ ಬಾರ್ಜ್ (ಅದಿರು ಸಾಗಿಸುವ ಚಪ್ಪಟೆ ತಳದ ಹಡಗು), ಇವುಗಳ ಫೋಟೋ ತೆಗೆಯಬೇಕು. ಅನುಮತಿ ಯಾರ ಹತ್ತಿರ ಕೇಳಬೇಕು? ನಿಜವಾಗಿ ಅಪಾಯ ಇರುವುದು ಎಲ್ಲಿ? ಡ್ರೋನ್ ಹಾರಿಸಬಹುದೇ? ಬರೀ ತುಕ್ಕಿನ ಚಿತ್ರ ಬೇಡ, ಅಲ್ಲಿ ಏನು ಕೆಲಸ ನಡೀತಿತ್ತು ಅನ್ನೋದು ಕಾಣುವ ಹಾಗೆ ತೆಗೆಯಬೇಕು ಅಂದರೆ ಏನನ್ನು ಹುಡುಕಬೇಕು?

ಕುಡಚಡೆ ಟಿಪ್ಪರ್:

ಅಣ್ಣಾರ, ಮೊದಲ ಅನುಮತಿ ವಿಷಯ ಹೇಳ್ತೀನಿ. ನಿಂತ ಗಣಿ ಅಂದ್ರ ಮಾಲೀಕರಿಲ್ಲದ ಜಾಗ ಅಂತ ತಿಳ್ಕೋಬ್ಯಾಡ್ರಿ. 2012ರ ಅಕ್ಟೋಬರ್‌ನಾಗ ಸುಪ್ರೀಂ ಕೋರ್ಟ್ ಎಲ್ಲಾ ನಿಲ್ಲಿಸ್ತು, 2014ರ ಏಪ್ರಿಲ್‌ನಾಗ ತಡೆ ತೆಗೀತು. ಮತ್ತ 2018ರ ಫೆಬ್ರವರಿ 7ಕ್ಕ 88 ಗುತ್ತಿಗೆ ರದ್ದು ಮಾಡಿ, ಮಾರ್ಚ್ ನಡುವ ಕೆಲಸ ಪೂರ್ತಿ ನಿಂತ್ತು. ಅದಕ್ಕ ಒಂದೇ ಗುಡ್ಡದಾಗ 2012ರಾಗ ಬಿಟ್ಟ ಯಂತ್ರಾನೂ ಸಿಗತಾವ, 2018ರಾಗ ಬಿಟ್ಟವೂ ಸಿಗತಾವ. ಈಗ 2022ರ ಡಿಸೆಂಬರ್‌ನಿಂದ ಗಣಿ ಜಾಗದ ತುಂಡುಗಳು, ಅಂದ್ರ ಬ್ಲಾಕ್‌ಗಳ ಹರಾಜು ನಡದದ, ಕೆಲವು ಕಡೆ ಟಿಪ್ಪರ್ ಮತ್ತ ಓಡಾಕತ್ತಾವ. ನಾಕು ವರ್ಷದ ಹಿಂದಿನ ವಿಡಿಯೋ ನೋಡಿ ದಾರಿ ಹಿಡಿದ್ರ ನಡೆಯೋ ಗಣಿಯೊಳಗ, ಬ್ಲಾಸ್ಟಿಂಗ್ ಹೊತ್ತಿಗೆ ಹೋಗಿ ನಿಂದರ್ತೀರಿ.

ಪಣಜಿಯ ಗಣಿ ಮತ್ತು ಭೂವಿಜ್ಞಾನ ನಿರ್ದೇಶನಾಲಯಕ್ಕ ಒಂದು ಅರ್ಜಿ ಕೊಡ್ರಿ. ಊರು, ಸರ್ವೆ ನಂಬರ್, ತಾರೀಖು, ಎಷ್ಟು ಮಂದಿ, ಗಾಡಿ ನಂಬರ್, ಫೋಟೋ ಯಾತಕ್ಕ ಅನ್ನೋದು ಬರೀರಿ. ಬ್ಲಾಕ್ ಹರಾಜಾಗಿದ್ರ ಆ ಕಂಪನಿಯ ಮೈನ್ಸ್ ಮ್ಯಾನೇಜರ್‌ಗೆ ಬರೀಬೇಕು. ಗಣಿ ಕಾಯ್ದೆ ಪ್ರಕಾರ ಒಳಗ ಆಗೋದಕ್ಕೆಲ್ಲಾ ಅವರೇ ಹೊಣೆ, ಅದಕ್ಕ ಒಪ್ಪಿದ್ರಂದ್ರ ಜೋಡಿ ಒಬ್ಬರನ್ನ ಕಳಸ್ತಾರ. ವಾಚ್‌ಮನ್ ಕೈಯಾಗ ಐನೂರು ಇಟ್ಟು ಒಳಗ ಹೋಗೋದು ಬ್ಯಾಡ. ಏನರ ಆದ್ರ ನೌಕರಿ ಹೋಗೋದು ಅಂವಂದು.

ಊರ ಮಂದಿ ಜೋಡಿ ಮಾತಾಡಿ ಹೋಗ್ರಿ. ಶಿರಗಾಂವ್, ಪಿಸುರ್ಲೆ, ಸೋನ್ಶಿ ಕಡೆ ಗದ್ದೆಗೆ ಹೂಳು ನುಗ್ಗಿದ್ದು, ಬಾವಿ ಬತ್ತಿದ್ದು, ಧೂಳು ತಿಂದಿದ್ದು ಹಳೇ ನೋವು. ಅವರ ಕಣ್ಣಿಗೆ ಇದು ನೋಡಾಕ ಬರೋ ಜಾಗ ಅಲ್ಲ.

ಡ್ರೋನ್ ಮುಂಚೆ, ಎಲ್ಲಿ ಹಾರಿಸಬಹುದು ಅಂತ ತೋರಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡ್ರಿ. ದಾಬೋಲಿ ನೌಕಾಪಡೆ ವಿಮಾನ ನಿಲ್ದಾಣ, ಅದರ ಸುತ್ತ ಅನುಮತಿ ಇಲ್ಲದ ಹಾರಿಸೂ ಹಂಗಿಲ್ಲ. ಮುರಗಾಂವ್ ಬಂದರಿನ ಗೇಟಿನೊಳಗ ಕ್ಯಾಮೆರಾನೂ ಅನುಮತಿ ಇದ್ರನ.

ಮುರಕಲ್ಲು:

ಹೆಚ್ಚಿನವರು ನೀರಿಗೆ ಹೆದರುತ್ತಾರೆ. ನನ್ನ ಪ್ರಕಾರ ಮೊದಲು ಹೆದರಬೇಕಾದ್ದು ಅಂಚಿಗೆ.

ಇಲ್ಲಿನ ಗುಂಡಿಯ ಗೋಡೆ ಮೇಲಿಂದ ಕೆಳಗೆ ಒಂದೇ ತರಹ ಇರುವುದಿಲ್ಲ. ಮೇಲೆ ಗಟ್ಟಿ ಮುರಕಲ್ಲಿನ ಟೋಪಿ. ಅದರ ಕೆಳಗೆ ಕೆಂಪು, ಹಳದಿ, ನೇರಳೆ ಬಣ್ಣದ ಶೇಡಿಯಂಥ ಮೆತ್ತನೆ ಪದರ, ಮೂಲತಃ ಫಿಲ್ಲೈಟ್ ಕಲ್ಲು ಕೊಳೆತು ಆದದ್ದು. ಅದರ ನಡುವೆ ಅದಿರು, ಅದೂ ಬಹುಪಾಲು ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು. ಮಳೆಗೆ ಕೆಳಗಿನ ಮೆತ್ತನೆ ಪದರ ಕರಗಿ ಇಳಿಯುತ್ತದೆ, ಮೇಲಿನ ಕಲ್ಲು ಚಾಚಿಕೊಂಡು ಉಳಿಯುತ್ತದೆ. ನೀವು ನಿಂತಿರುವುದು ಬಂಡೆಯ ಮೇಲೆ ಅನಿಸುತ್ತದೆ, ಕಾಲಡಿ ಪೊಳ್ಳು. ಅಲ್ಲೇ ನಿಂತರೆ ಅದು ಕಾಣುವುದಿಲ್ಲ, ಎದುರು ದಂಡೆಯಿಂದ ಮಾತ್ರ ಕಾಣುತ್ತದೆ. ಹಾಗಾಗಿ ಮೊದಲು ದೂರದ ಕಡೆಯಿಂದ ಬೈನಾಕ್ಯುಲರ್ ಹಿಡಿದು ಗೋಡೆ ನೋಡಿ, ಆಮೇಲೆ ಎಲ್ಲಿ ನಿಲ್ಲಬೇಕು ಅಂತ ಗೊತ್ತುಮಾಡಿ.

ಮಳೆಗಾಲ ಮುಗಿಯಿತು, ಇನ್ನು ಭಯವಿಲ್ಲ ಅನ್ನುವುದೂ ತಪ್ಪು. ಗಣಿ ನಡೆಯುವಾಗ ಪಂಪ್ ಹಾಕಿ ಅಂತರ್ಜಲವನ್ನು ಕೆಳಗೆ ಇಡುತ್ತಿದ್ದರು. ಪಂಪ್ ನಿಂತ ಮೇಲೆ ಗುಂಡಿ ತುಂಬಿತು, ಗೋಡೆಯೂ ನೀರು ಕುಡಿಯಿತು. ಬೇಸಿಗೆಯಲ್ಲಿ ಕೃಷಿಗೋ ಕುಡಿಯಲೋ ಆ ನೀರನ್ನು ಎತ್ತಿದಾಗ ಗುಂಡಿಯ ಮಟ್ಟ ಬೇಗ ಇಳಿಯುತ್ತದೆ, ಗೋಡೆಯೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನ ನೀರಿನ ಆಸರೆ ತಪ್ಪಿ, ಒಳಗಿನ ತೂಕ ಹಾಗೇ ಉಳಿದು, ಗೋಡೆ ಜಾರುತ್ತದೆ. ನೀರಿನ ಮಟ್ಟದ ಮೇಲೆ ಒದ್ದೆ ಪಟ್ಟಿ ಕಂಡರೆ ಇತ್ತೀಚೆಗೆ ಇಳಿದಿದೆ ಅಂತ ಅರ್ಥ, ಆ ಬದಿಗೆ ಹೋಗಬೇಡಿ.

ಅಂಚಿಗೆ ಸಮಾನಾಂತರವಾಗಿ ಓಡುವ ಬಿರುಕು, ವಾಲಿದ ಬೇಲಿ ಕಂಬ ಅಥವಾ ಮರ, ಗೋಡೆಯ ನಡುವಿಂದ ಜಿನುಗುವ ನೀರು, ಹುಲ್ಲು ಹುಟ್ಟದ ಹಸಿ ಕೆಂಪು ಗಾಯ: ಇವುಗಳಲ್ಲಿ ಒಂದು ಕಂಡರೂ ವಾಪಸ್. ಏನೂ ಕಾಣದಿದ್ದರೂ ಬೆಂಚಿನ (ಗೋಡೆಯಲ್ಲಿ ಕಡಿದ ದೊಡ್ಡ ಮೆಟ್ಟಿಲಿನ) ಎತ್ತರದಷ್ಟು ದೂರ ಅಂಚಿನಿಂದ ಹಿಂದೆ ನಿಲ್ಲಿ. ಬೆಂಚುಗಳೆಲ್ಲ ಕರಗಿ ಒಂದೇ ಇಳಿಜಾರಾಗಿದ್ದರೆ ಪೂರ್ತಿ ಗೋಡೆಯ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಿರಿ. ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ಇದ್ದರೆ ಸಾಕು, ಅಂಚಿಗೆ ಹೋಗುವ ಕೆಲಸವೇ ಇಲ್ಲ.

ಕೆಳಗಿಳಿಯಲು ಅನುಮತಿ ಸಿಕ್ಕರೆ ಟಿಪ್ಪರ್ ಓಡಾಡುತ್ತಿದ್ದ ಹಾಲ್ ರೋಡ್ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಸಾಮಾನ್ಯವಾಗಿ 16ಕ್ಕೆ 1ರ ಇಳಿಜಾರು, ನಡೆಯಲು ಸುಲಭ. ಹೊರ ಅಂಚು ತುಂಬಿದ ಮಣ್ಣು, ಒಳ ಅಂಚಿಗೆ ಕಲ್ಲುದುರುತ್ತದೆ, ಹಾಗಾಗಿ ನಡುವೆಯೇ ನಡೆಯಿರಿ. ನೀರಿಗೆ ಇಳಿಯಲೇಬೇಡಿ. ಕೆರೆಯ ಹಾಗೆ ನಿಧಾನ ಆಳವಾಗುವುದಿಲ್ಲ, ಒಂದು ಹೆಜ್ಜೆಗೆ ಒಂದು ಬೆಂಚು ಪೂರ್ತಿ ಕೆಳಗೆ. ಹತ್ತಿ ಬರಲು ಹೋದರೆ ಒದ್ದೆ ಶೇಡಿ ಕೈಗೆ ಸಿಕ್ಕುವುದಿಲ್ಲ. 25 ಮೀಟರ್ ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ 5 ಲೀಟರ್ ಕ್ಯಾನ್ ಕಟ್ಟಿ ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟುಕೊಳ್ಳಿ. ಬಿದ್ದವರಿಗೆ ಎಸೆಯಲು ಅದು, ನೀವು ಹಿಂದೆ ಹಾರಬೇಡಿ.

ಏನು ಹುಡುಕಬೇಕು ಅಂತ ಕೇಳಿದ್ದೀರಿ. ಅದಿರು ನಡೆದ ದಾರಿಯಲ್ಲೇ ನಡೆಯಿರಿ. ಗುಂಡಿ, ಹಾಲ್ ರೋಡ್, ಕ್ರಷರ್, ಸ್ಕ್ರೀನ್ (ಜರಡಿ), ತೊಳೆಯುವ ಘಟಕ, ಸೈಕ್ಲೋನ್ (ನೀರನ್ನು ಸುತ್ತಿಸಿ ಹೂಳು ಬೇರೆ ಮಾಡುವ ಶಂಕು), ರಾಶಿ, ವೇಬ್ರಿಡ್ಜ್, ಜೆಟ್ಟಿ. ಸ್ಕ್ರೀನಿನ ಜಾಲರಿಯ ತೂತಿನ ಹತ್ತಿರ ಒಂದು ಅಳತೆ ಟೇಪ್ ಇಟ್ಟು ತೆಗೆಯಿರಿ, ಲಂಪ್ (ತುಂಡು ಅದಿರು) ಮತ್ತು ಫೈನ್ಸ್ (ಪುಡಿ ಅದಿರು) ಬೇರೆಯಾದದ್ದು ಅಲ್ಲೇ. ಸುತ್ತಲಿನ ಗುಡ್ಡದಂಥ ರಾಶಿಗಳನ್ನೂ ಬಿಡಬೇಡಿ. ಒಂದು ಟನ್ ಅದಿರಿಗೆ ಎರಡೂವರೆ ಮೂರು ಟನ್ ಮಣ್ಣು ತೆಗೆದು ಸುರಿದದ್ದು ಅದು.

ವಾಸ್ಕೋ ಕ್ಯಾಮೆರಾ:

ತುಂಬಾ ಉಪಕಾರ ಸರ್. ತೊಳೆಯುವ ಘಟಕದ ಪಕ್ಕ ಸ್ಯಾಟಲೈಟ್ ಚಿತ್ರದಲ್ಲಿ ದೊಡ್ಡ ಸಮತಟ್ಟಾದ ಮೈದಾನ ಕಾಣುತ್ತದೆ. ಅಲ್ಲಿಂದ ಟ್ರೈಪಾಡ್ ಇಟ್ಟು ತೆಗೆಯಬಹುದೇ?

ಮುರಕಲ್ಲು:

ಬೇಡವೇ ಬೇಡ. ಅದು ಟೇಲಿಂಗ್ಸ್ ಹೊಂಡ. ಅದಿರು ತೊಳೆದ ನುಣುಪು ಹೂಳು ಅಲ್ಲಿ ಕೂರುತ್ತದೆ. ಬಿಸಿಲಿಗೆ ಮೇಲ್ಮೈ ಒಣಗಿ ಕೆರೆಯಂಗಳದ ಹಾಗೆ ಬಿರಿಯುತ್ತದೆ, ಅದರ ಕೆಳಗೆ ವರ್ಷಗಟ್ಟಲೆ ಅಂಬಲಿಯಂತೆಯೇ ಇರುತ್ತದೆ. ಸುತ್ತ ಮಣ್ಣಿನ ಏರಿ, ಒಂದು ಮೂಲೆಯಲ್ಲಿ ನೀರು ಹೊರಬಿಡುವ ಪೈಪು, ಅಲ್ಲಲ್ಲಿ ಜೊಂಡು ಇದ್ದರೆ ಅದೇ ಅಂತ ತಿಳಿಯಿರಿ. ಏರಿಯ ಹೊರಗಿನಿಂದಲೇ ತೆಗೆಯಿರಿ.

ಕುಂಭಾರಜುವೆ:

ಜೆಟ್ಟಿ, ಬಾರ್ಜ್ ಬಗ್ಗೆ ಯಾರೂ ಹೇಳಲಿಲ್ಲ. ಉಪ್ಪುನೀರು ಏರಿ ಇಳಿಯುವ ಮಟ್ಟದಲ್ಲಿ ಮತ್ತು ಅದರ ಸ್ವಲ್ಪ ಮೇಲೆ ತುಕ್ಕು ಅತಿ ಜೋರು. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಉಬ್ಬುತ್ತದೆ, ಆದ್ದರಿಂದ ದಪ್ಪ ಕಂಡ ತೊಲೆ ಗಟ್ಟಿ ಅಂತ ನಂಬಬಾರದು, ಒಳಗೆ ಉಕ್ಕು ಹಾಳೆಯಷ್ಟೇ ಉಳಿದಿರಬಹುದು. ಅದಿರು ಸಾಗಿಸುವ ಬೆಲ್ಟ್ ಪಕ್ಕದ ನಡೆದಾರಿಯ ತಗಡು ಮೊದಲು ಕೆಡುವುದು ಬೆಸುಗೆಯ ಜಾಗದಲ್ಲಿ. ಹತ್ತಬೇಡಿ. ಸಿಮೆಂಟ್ ಶೀಟಿನ ಛಾವಣಿಯ ಮೇಲೆ ಕಾಲಿಡಬೇಡಿ, ಹಳೆಯದು ಆಸ್ಬೆಸ್ಟಾಸ್, ಮುರಿದ ತುಂಡನ್ನು ಅಲುಗಿಸಲೂ ಬೇಡಿ.

ಬಾರ್ಜಿನ ಮುಚ್ಚಿದ ಟ್ಯಾಂಕಿನೊಳಗೆ ಇಣುಕಲೂ ಹೋಗಬೇಡಿ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಮುಚ್ಚಿದ ಉಕ್ಕಿನ ಕೋಣೆಯಲ್ಲಿ ತುಕ್ಕು ಹಿಡಿಯುತ್ತಾ ಹೋದರೆ ಅಲ್ಲಿನ ಆಮ್ಲಜನಕವನ್ನೇ ತಿನ್ನುತ್ತದೆ. ಗಾಳಿಯಲ್ಲಿ ಇರಬೇಕಾದ್ದು ಸುಮಾರು 21%, 19.5ಕ್ಕಿಂತ ಇಳಿದರೇ ಅಪಾಯ, 10ಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಇಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದರೆ ಇಬ್ಬರೂ ಹೋಗುತ್ತಾರೆ. ರಾಶಿಯ ಕೆಳಗಿನ ಬೆಲ್ಟ್ ಸುರಂಗ, ಹಾಪರ್ (ಅದಿರು ಸುರಿಯುವ ದೊಡ್ಡ ಆಲಿಕೆ) ಕೂಡ ಹೊರಗಿನಿಂದ ನೋಡುವ ವಸ್ತುಗಳೇ.

ಬಾರ್ಜ್ ಪೂರ್ತಿ ಕಾಣಬೇಕಾದರೆ ಇಳಿತ ಬೇಕು. ಮುರಗಾಂವ್‌ನ ಭರತ-ಇಳಿತದ ಪಟ್ಟಿ ನೋಡಿ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ವ್ಯತ್ಯಾಸ ಹೆಚ್ಚು. ಒಳನಾಡಿಗೆ ಹೋದಷ್ಟೂ ಇಳಿತ ತಡವಾಗಿ ಬರುತ್ತದೆ, ಆ ಅಂತರ ಬಿಟ್ಟುಕೊಂಡು ಹೊರಡಿ. ಕುಂಭಾರಜುವೆ ಕಾಲುವೆಯ ಮ್ಯಾಂಗ್ರೋವ್ ಕೆಸರಿಗೆ ಇಳಿಯಬೇಡಿ, ಅಲ್ಲಿ ಮೊಸಳೆ ಇವೆ. ಮಳೆಗಾಲದಲ್ಲಿ ಆಗ್ವಾದ ಬಳಿ ಮಾಂಡವಿ ನದಿಯ ಬಾಯಿಗೆ ಮರಳದಿಬ್ಬ ಅಡ್ಡಬಂದಾಗ ಅದಿರಿನ ಬಾರ್ಜ್‌ಗಳು ಇದೇ ಕಾಲುವೆಯಿಂದ ಝುವಾರಿ ನದಿಗೆ ದಾಟುತ್ತಿದ್ದವು, ಹಾಗಾಗಿ ದೋಣಿಯಿಂದ ಈ ದಾರಿ ತೆಗೆದರೆ ನಿಮ್ಮ ಸರಣಿಗೆ ಒಳ್ಳೆಯದು.

ಕುಡಚಡೆ ಟಿಪ್ಪರ್:

ಒಂದು ಬಿಟ್ಟಿತ್ತು. ಸತ್ತರಿ ಕಡೆ ಮಂಗನ ಕಾಯಿಲೆ ಅದ, ಡಿಸೆಂಬರ್‌ನಿಂದ ಮೇ ತನಕ ಉಣ್ಣಿ ಹೆಚ್ಚು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗ, ಉಣ್ಣಿ ಓಡಿಸೋ ಡೆಪಾ ಎಣ್ಣಿ ಸಿಕ್ರ ಹಚ್ಕೊಳ್ರಿ, ತರಗೆಲಿ ಮ್ಯಾಲೆ ಕೂಡಬ್ಯಾಡ್ರಿ. ಸತ್ತ ಮಂಗ ಕಂಡ್ರ ಮುಟ್ಟದ ಆರೋಗ್ಯ ಕೇಂದ್ರಕ್ಕ ತಿಳಸ್ರಿ. ಹಾವು ಕಡದ್ರ ಕಟ್ಟೂದು ಕೊಯ್ಯೂದು ಮಾಡದ ಕಾಲು ಅಲುಗಿಸದ 108ಕ್ಕ ಫೋನ್ ಹಚ್ರಿ. ಗುಂಡಿ ತಳದಾಗ ಸಿಗ್ನಲ್ ಸಿಗೋದು ಕಷ್ಟ, ಅದಕ್ಕ ಮೂವರಾಗ ಒಬ್ಬರು ಮ್ಯಾಲೆ ರೋಡಿನ ಮ್ಯಾಗ, ಗಾಡಿ ಹತ್ರ ಇರಬೇಕು.

ಅನುಮತಿ ಬರೋದು ತಡ ಆದ್ರ ಒಂದು ದಿನ ರೇಡಿಗೆ ಹೋಗ್ರಿ, ತೆರೆಖೋಲ್ ನದಿ ದಾಟಿದ ಮ್ಯಾಲೆ ಸಿಂಧುದುರ್ಗ ಜಿಲ್ಲಾದಾಗ ಬರತದ. ಅಲ್ಲಿ ಗಣಿಯೊಳಗ 1976ರಾಗ ಸಿಕ್ಕ ಎರಡು ಕೈಯ ಗಣಪತಿ ಗುಡಿ ಅದ, ಯಶವಂತಗಡ ಕೋಟಿನೂ ಅದ. ಎರಡಕ್ಕೂ ಯಾರಿಗೂ ಅರ್ಜಿ ಬರಿಯೂ ಕೆಲಸ ಇಲ್ಲ.