ಸಾಂತ್ವನ, ಸಮಾಧಾನ, ನಿರಾಳ, ನೆಮ್ಮದಿ: ಯಾವುದು ಎಲ್ಲಿ?

ಪದಕುತೂಹಲಿ:
ಆಪ್ತರನ್ನು ಕಳೆದುಕೊಂಡವರಿಗೆ ಬರೆಯುವ ಪತ್ರದ ಮಾದರಿಯೊಂದು ಸಿದ್ಧವಾಗಬೇಕಿದೆ. ಜೊತೆಗೆ, ರೋಗಿಯನ್ನು ನೋಡಿಕೊಳ್ಳುವವರಿಗೆ ಒಂದು ಪುಟದ ಮಾಹಿತಿ. ನಿಘಂಟಿನಲ್ಲಿ ಸಾಂತ್ವನ, ಸಮಾಧಾನ, ನಿರಾಳ, ಉಪಶಮನ, ಪರಿಹಾರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿದೆ. ವ್ಯತ್ಯಾಸ ಹಿಡಿಯುವುದು ಹೇಗೆ? "ಕುಟುಂಬಕ್ಕೆ ಸಂತಾಪ ನೀಡುತ್ತೇವೆ" ಎಂಬ ಸಾಲು ಸರಿಯೇ?

ಹಳಗನ್ನಡಪ್ರಿಯ:
ಆ ಸಾಲನ್ನು ಮೊದಲು ತಿದ್ದಿ. ಸಂತಾಪದ ಒಳಗಿರುವುದು ತಾಪ, ಅಂದರೆ ಬೇಗೆ. ಅದು ನಮ್ಮೊಳಗಿನದು, ಸೂಚಿಸಬಹುದು, ವ್ಯಕ್ತಪಡಿಸಬಹುದು. ನೀಡಿದರೆ ನೊಂದವರಿಗೆ ಇನ್ನಷ್ಟು ಬೇಗೆ ಕೊಟ್ಟಂತೆ! ಕೊಡುವುದು, ಹೇಳುವುದು ಸಾಂತ್ವನ. ಕಾಗುಣಿತವೂ ಜೋಪಾನ: ಸ್ವಾಂತನ, ಸಾಂತ್ವಾನ ಎರಡೂ ತಪ್ಪು.

ವಿಭಕ್ತಿ ಬೇರೆ ಬೇರೆ. ಅವರಿಗೆ ಸಾಂತ್ವನ ಹೇಳುತ್ತೇವೆ, ಅವರನ್ನು ಸಂತೈಸುತ್ತೇವೆ. ಸಂತೈಸು ಮನಸ್ಸಿಗಷ್ಟೇ ಅಲ್ಲ, ಮೈಗೂ ಸಲ್ಲುವ ಪದ. 12ನೇ ಶತಮಾನದಲ್ಲೇ ಬಸವಣ್ಣ ತನು, ಮನ ಎರಡಕ್ಕೂ ಅದನ್ನು ಬಳಸಿದ್ದಾರೆ. ನಿಮ್ಮ ಆರೈಕೆಯ ಪುಟಕ್ಕೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಸಿಗಲಾರದು.

ಕರಡುತಿದ್ದುವವ:
"ಎಷ್ಟು ಸಾಂತ್ವನ ಹೇಳಿದರೂ ಸಮಾಧಾನವಾಗಲಿಲ್ಲ." ಇದರಲ್ಲಿ ಎರಡು ಪದಗಳನ್ನು ಅದಲುಬದಲು ಮಾಡಿ ನೋಡಿ, ವಾಕ್ಯ ನಿಲ್ಲುವುದೇ ಇಲ್ಲ. ಒಂದು ಹೊರಗಿನಿಂದ ಬರುವುದು, ಇನ್ನೊಂದು ಒಳಗೆ ಆಗುವುದು.

ಪತ್ರದಲ್ಲಿ "ಸಮಾಧಾನ ಮಾಡಿಕೊಳ್ಳಿ" ದಯವಿಟ್ಟು ಬೇಡ. ಸಿಟ್ಟಿಗೆದ್ದವರಿಗೂ ಇದನ್ನೇ ಹೇಳುತ್ತೇವಲ್ಲ, ಅಳುತ್ತಿರುವವರಿಗೆ ಅದು "ಸಾಕು ನಿಲ್ಲಿಸಿ" ಎಂದಂತೆ ಕೇಳಿಸುತ್ತದೆ. "ಏನಾದರೂ ಬೇಕಿದ್ದರೆ ಹೇಳಿ" ಎಂಬುದೂ ಅಷ್ಟೇ, ಕೇಳುವ ಹೊರೆಯನ್ನು ನೊಂದವರ ತಲೆಗೇ ಕಟ್ಟುತ್ತದೆ. ನಾಲ್ಕೈದು ಸಾಲು ಸಾಕು: ತೀರಿಕೊಂಡವರ ಹೆಸರು, ಅವರ ಬಗ್ಗೆ ನೆನಪಿರುವ ಒಂದು ಸಂಗತಿ, ನೀವು ಖಂಡಿತ ಮಾಡಬಲ್ಲ ಒಂದು ಕೆಲಸ. "ಭಾನುವಾರ ಬಂದು ಮಕ್ಕಳನ್ನು ನೋಡಿಕೊಳ್ಳುತ್ತೇನೆ" ಎಂಬಂಥದ್ದು. ಪರಿಹಾರ ಎಂಬ ಪದ ಈ ಪತ್ರಕ್ಕೆ ಹೊಂದದು, ಓದಿದೊಡನೆ ಹಣದ ನೆನಪಾಗುತ್ತದೆ.

ಆರೈಕೆಬರಹ:
ಎರಡನೆಯ ಪುಟದ ಬಗ್ಗೆ: ಉಪಶಮನ ಎಂದರೆ ನೋವು, ಉಬ್ಬಸ, ವಾಕರಿಕೆ ತಗ್ಗುವುದು. ರೋಗ ಹೋಗಿರಬೇಕೆಂದಿಲ್ಲ. ಅದರ ಜಾಗದಲ್ಲಿ "ಗುಣವಾಗುತ್ತದೆ" ಎಂದು ಬರೆದರೆ ಮನೆಯವರು ಸುಳ್ಳು ಭರವಸೆ ಹಿಡಿದು ಕೂರುತ್ತಾರೆ. ಸರಳವಾಗಿ "ನೋವು ಕಡಿಮೆಯಾಗುತ್ತದೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ನಿರಾಳ ಆತಂಕ ಕಳೆದಾಗ ಬರುವುದು, ಉದಾಹರಣೆಗೆ ಪರೀಕ್ಷೆಯ ವರದಿಯಲ್ಲಿ ಏನೂ ಇಲ್ಲವೆಂದು ತಿಳಿದಾಗ. ಅತ್ತಾಗ, ಹೇಳಿಕೊಂಡಾಗ ಆಗುವುದು ಹಗುರ. ಸಾವಿನ ಮನೆಗೆ ಬರೆಯುವಾಗ ನಿರಾಳ ಬಳಸಬೇಡಿ, ಸತ್ತವರೇ ಹೊರೆಯಾಗಿದ್ದರು ಎಂಬ ಧ್ವನಿ ಬರುತ್ತದೆ.

ಪದಕುತೂಹಲಿ:
ತುಂಬ ಉಪಕಾರವಾಯಿತು. "ಚೇತರಿಸಿಕೊಂಡ ಸುದ್ದಿ ಕೇಳಿ ಮನೆಯವರು ನಿಟ್ಟುಸಿರು ಬಿಟ್ಟರು" ಎಂದು ಒಂದು ಕಡೆ ಬರೆದಿದೆ. ಅದನ್ನು ಹಾಗೆಯೇ ಉಳಿಸಬಹುದೇ?

ಹಳಗನ್ನಡಪ್ರಿಯ:
ನಿಡಿದಾದ ಉಸಿರು ನಿಟ್ಟುಸಿರು. ಒಂಟಿಯಾಗಿ ಬಂದರೆ ಅದು ದುಃಖದ್ದೇ. "ನೆಮ್ಮದಿಯ ನಿಟ್ಟುಸಿರು" ಎಂದು ಸೇರಿಸಿ, ಇಲ್ಲವೇ "ಹೋದ ಜೀವ ಬಂದಂತಾಯಿತು" ಎನ್ನಿ.