ಲಾಗಿನ್ ಆಗುತ್ತದೆ, ಸ್ಪೀಡ್ ಲಿಮಿಟ್ ಬೀಳಲ್ಲ: ರೇಡಿಯಸ್ ಗೊತ್ತಿದ್ದವರು ಹೇಳಿ

ನಮ್ಮದು ಸಣ್ಣ ಊರಿನ ಇಂಟರ್ನೆಟ್ ಸರ್ವೀಸ್. ಲಾಗಿನ್ ಪರೀಕ್ಷಿಸಿ ರೌಟರ್‌ಗೆ ಪ್ಲಾನ್ ತಿಳಿಸುವುದಕ್ಕೆ ಫ್ರೀರೇಡಿಯಸ್ (ರೇಡಿಯಸ್ ಪದ್ಧತಿಯ ಸಾಫ್ಟ್‌ವೇರ್) ಸರ್ವರ್, ಇಷ್ಟು ದಿನ ಬರೀ ಮೈಕ್ರೋಟಿಕ್ ರೌಟರ್‌ಗಳು. ಈಗ ಸಿಸ್ಕೋ ಒಂದು ಸೇರಿದೆ. ಅದರಲ್ಲಿ ಗ್ರಾಹಕರು ಲಾಗಿನ್ ಆಗುತ್ತಾರೆ, ಆದರೆ ಪ್ಲಾನ್‌ನ ಸ್ಪೀಡ್ ಲಿಮಿಟ್ ಬೀಳುತ್ತಿಲ್ಲ. ಜೊತೆಗೆ ಹಳೆಯ ಬಾಕ್ಸ್ ಒಂದಿದೆ, ಅದು ಕಳಿಸುವ ಅಕೌಂಟಿಂಗ್ (ಯಾರು ಎಷ್ಟು ಬಳಸಿದರು ಅನ್ನುವ ಲೆಕ್ಕ) ಅರ್ಥವೇ ಆಗುವುದಿಲ್ಲ. ನೀವು ಹೇಗೆ ನಿಭಾಯಿಸಿದ್ದೀರಿ?

—

ನಮಗೂ ಹೀಗೇ ಆಗಿತ್ತು. ಸರ್ವರ್ ಉತ್ತರದಲ್ಲಿ ಒಂದೊಂದು ಮಾಹಿತಿಗೂ ಒಂದು ನಂಬರಿನ ಆಟ್ರಿಬ್ಯೂಟ್ ಇರುತ್ತದೆ. ಸ್ಪೀಡ್ ಹೋಗುವುದು ಕಂಪನಿಗಳ ಸ್ವಂತ ಮಾಹಿತಿಗೆ ಮೀಸಲಾದ 26ನೇ ಆಟ್ರಿಬ್ಯೂಟ್ ಒಳಗೆ, ಅದರ ಮೊದಲಲ್ಲೇ ಕಂಪನಿಯ ನಂಬರ್ ಇರುತ್ತದೆ. ಸಿಸ್ಕೋ 9, ಮೈಕ್ರೋಟಿಕ್ 14988. ತನ್ನದಲ್ಲದ ನಂಬರ್ ಕಂಡರೆ ರೌಟರ್ ಸಾಮಾನ್ಯವಾಗಿ ಸುಮ್ನೆ ಬಿಟ್ಟುಬಿಡುತ್ತದೆ, ಅದಕ್ಕೇ ಎರರ್ ಕೂಡ ಬರುವುದಿಲ್ಲ. ಇನ್ನೊಂದು ವಿಷಯ, ಮೈಕ್ರೋಟಿಕ್‌ಗೆ ಅಂಕಿ ಕೊಟ್ಟರೆ ಸಾಕು, ಸಿಸ್ಕೋದಲ್ಲಿ ನಾವು ಕಳಿಸುವುದು ಪಾಲಿಸಿಯ (ಸ್ಪೀಡ್ ನಿಯಮದ) ಹೆಸರು, ಆ ಹೆಸರಿನ ಪಾಲಿಸಿ ರೌಟರ್‌ನಲ್ಲಿ ಮೊದಲೇ ಇರಬೇಕು. ಹಾಗಾಗಿ ಡೇಟಾಬೇಸ್‌ನಲ್ಲಿ ಯಾವ ಕಂಪನಿಯ ಭಾಷೆಯನ್ನೂ ಇಡಬೇಡಿ. ಪ್ಲಾನ್ ಹೆಸರು ಮಾತ್ರ ಇರಲಿ. ಉತ್ತರ ಕಳಿಸುವ ಹೊತ್ತಿಗೆ ಕೇಳಿದ ರೌಟರ್ ಯಾವ ಕಂಪನಿಯದು ಅಂತ ನೋಡಿ ಆಟ್ರಿಬ್ಯೂಟ್ ತುಂಬಿಸಿ. ಇದನ್ನು ಮಾಡಿದ ಮೇಲೆ ನಮ್ಮ ಅರ್ಧ ತಲೆನೋವು ಹೋಯಿತು.

—

ಮೈಕ್ರೋಟಿಕ್‌ನ ರೇಟ್ ಲಿಮಿಟ್ ಬರೆಯುವಾಗ ಜೋಪಾನ. 2ಎಂ/10ಎಂ ಅಂದರೆ ಮೊದಲನೆಯದು ರೌಟರ್ ಪಡೆಯುವುದು, ಅಂದರೆ ಗ್ರಾಹಕರ ಅಪ್‌ಲೋಡ್. ನಾನು ಉಲ್ಟಾ ಬರೆದು ಒಂದು ಹಾಸ್ಟೆಲ್ ಪೂರ್ತಿ ಎರಡು ದಿನ ನಿಧಾನವಾಗಿತ್ತು, ತುಂಬಾ ಬೇಜಾರಾಯಿತು.

—

ಹಳೆಯ ಬಾಕ್ಸ್ ಬಗ್ಗೆ. ರೇಡಿಯಸ್‌ನ ನಿಯಮ ಹೇಳುವ ದಾಖಲೆ, 2000ರ ಆರ್‌ಎಫ್‌ಸಿ 2865ರಲ್ಲಿ, 26ನೇ ಆಟ್ರಿಬ್ಯೂಟ್ ಒಳಗೆ ಕಂಪನಿ ನಂಬರ್ ಆದಮೇಲೆ 1 ಬೈಟ್ ಟೈಪ್, 1 ಬೈಟ್ ಉದ್ದ ಅಂತ ಇದೆ, ಆದರೆ ಅದು ಸಲಹೆ, ಕಡ್ಡಾಯ ಅಲ್ಲ. ಯುಎಸ್ ರೊಬೋಟಿಕ್ಸ್ (ನಂಬರ್ 429) 4 ಬೈಟ್ ಟೈಪ್ ಇಟ್ಟಿತು, ಉದ್ದ ಇಡಲೇ ಇಲ್ಲ. ಲೂಸೆಂಟ್ 2 ಬೈಟ್ ಟೈಪ್. ಸರ್ವರ್ ಅದನ್ನು ಮಾಮೂಲಿ ಲೆಕ್ಕದಲ್ಲಿ ಓದಿದರೆ ಬರುವುದು ಕಸವೇ ಅಲ್ವಾ?

ಹಾಗಾಗಿ ಮ್ಯಾನ್ಯುವಲ್ ಒಂದನ್ನೇ ನಂಬಬೇಡಿ. ಪ್ಯಾಕೆಟ್ ಹಿಡಿದು ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ಬಿಡಿಸಿ ತೋರಿಸುವ ಸಾಫ್ಟ್‌ವೇರ್) ಹೆಕ್ಸ್, ಅಂದರೆ ಬೈಟ್‌ಗಳನ್ನು ಇದ್ದ ಹಾಗೇ ನೋಡಿ, ನಂಬರ್ ಆದಮೇಲಿನ ಬೈಟ್‌ಗಳನ್ನು ಕೈಯಾರೆ ಎಣಿಸಿ. ಆಮೇಲೆ ಡಿಕ್ಷನರಿಯ (ಆಟ್ರಿಬ್ಯೂಟ್‌ಗಳನ್ನು ಹೇಗೆ ಓದಬೇಕು ಅಂತ ಸರ್ವರ್‌ಗೆ ಹೇಳುವ ಫೈಲ್) ವೆಂಡರ್ ಸಾಲಿನಲ್ಲಿ ಫಾರ್ಮ್ಯಾಟ್ ಬರೆಯಿರಿ, 429ಕ್ಕಾದರೆ 4,0, ಅಂದರೆ ಟೈಪ್‌ಗೆ 4 ಬೈಟ್, ಉದ್ದಕ್ಕೆ 0. ಫ್ರೀರೇಡಿಯಸ್ ಜೊತೆ ಬಂದ ಡಿಕ್ಷನರಿ ಫೈಲುಗಳನ್ನು ಮಾತ್ರ ತಿದ್ದಬೇಡಿ, ಅಪ್‌ಗ್ರೇಡ್ ಆದ ದಿನ ನಿಮ್ಮ ತಿದ್ದುಪಡಿ ಹೋಗಿಬಿಡುತ್ತದೆ. ಕಾನ್ಫಿಗ್ ಫೋಲ್ಡರ್‌ನಲ್ಲಿರುವ ಡಿಕ್ಷನರಿ ಫೈಲ್ ಇರುವುದೇ ಇದಕ್ಕೆ, ಅಲ್ಲಿ ಸೇರಿಸಿ. ಹೆಕ್ಸ್ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ, ಯೂಸರ್‌ನೇಮ್, ಪಾಸ್‌ವರ್ಡ್ ಇರುವ ಭಾಗ ಅಳಿಸಿ ಹಾಕಿ.